ನೀಹಾರಿಕೆಗಳ ನ್ಯಾರೋಬ್ಯಾಂಡ್ ಚಿತ್ರ ಸಂಸ್ಕರಣೆ

ತಾನೇ ಹೊಳೆಯುವ ಅನಿಲ ನೀಹಾರಿಕೆಯ ಬೆಳಕು ಬಹುಪಾಲು ಕೆಲವೇ ರೋಹಿತರೇಖೆಗಳಲ್ಲಿ ಅಡಕವಾಗಿರುತ್ತದೆ. ಆ ರೇಖೆಗಳನ್ನಷ್ಟೇ ಒಳಬಿಡುವ ಫಿಲ್ಟರ್‌ಗಳ ಮೂಲಕ ಕಪ್ಪು-ಬಿಳುಪಿನಲ್ಲಿ ತೆಗೆದ ಚಿತ್ರಗಳನ್ನು ಶುದ್ಧಗೊಳಿಸಿ, ಒಗ್ಗೂಡಿಸಿ, ಬಣ್ಣಕ್ಕೆ ತರುವ ಕೆಲಸ ನ್ಯಾರೋಬ್ಯಾಂಡ್ ಸಂಸ್ಕರಣೆ. ಮುಖ್ಯ ರೇಖೆಗಳು ಹೈಡ್ರೋಜನ್-ಆಲ್ಫಾ (656.3 ನ್ಯಾನೊಮೀಟರ್), ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ (500.7) ಹಾಗೂ ಒಂದನ್ನು ಕಳೆದುಕೊಂಡ ಗಂಧಕ (671.6 ಮತ್ತು 673.1). ಫಿಲ್ಟರ್‌ನ ಪಟ್ಟಿ ಸಾಮಾನ್ಯವಾಗಿ 3ರಿಂದ 7 ನ್ಯಾನೊಮೀಟರ್ ಅಗಲವಿರುವುದರಿಂದ ನಗರದ ದೀಪಗಳ ಬೆಳಕು ಬಹುಮಟ್ಟಿಗೆ ಹೊರಗುಳಿಯುತ್ತದೆ. ಬೆಳದಿಂಗಳು ಆಮ್ಲಜನಕದ ಚಿತ್ರವನ್ನೇ ಹೆಚ್ಚು ಕೆಡಿಸುತ್ತದೆ.

ಗಂಧಕದ ರೇಖೆಗಳೂ ಹೈಡ್ರೋಜನ್-ಆಲ್ಫಾವೂ ಕಡುಗೆಂಪು. ಕಣ್ಣಿಗೆ ಅವುಗಳ ನಡುವೆ ಭೇದ ಕಾಣದು. ಆದ್ದರಿಂದ ಗಂಧಕವನ್ನು ಕೆಂಪಿಗೆ, ಹೈಡ್ರೋಜನನ್ನು ಹಸಿರಿಗೆ, ಆಮ್ಲಜನಕವನ್ನು ನೀಲಿಗೆ ಹಚ್ಚುವ ‘ಹಬಲ್ ಪ್ಯಾಲೆಟ್’ ರೂಢಿಗೆ ಬಂತು. 1995ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕದಿಂದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಪಡೆದ, ಈಗಲ್ ನೀಹಾರಿಕೆಯ (ಎಂ16) ‘ಸೃಷ್ಟಿಯ ಸ್ತಂಭಗಳು’ ಚಿತ್ರ ಇದನ್ನು ಜಗತ್ತಿಗೆ ಪರಿಚಯಿಸಿತು. ಇದನ್ನು ಸುಳ್ಳು ಬಣ್ಣವೆಂದು ತಳ್ಳಿಹಾಕುವುದು ಅನ್ಯಾಯ. ಎಳೆಯ ನಕ್ಷತ್ರಗಳ ನೇರಳಾತೀತ ಕಿರಣಗಳು ಸ್ತಂಭಗಳ ಮೇಲ್ಮೈಯನ್ನು ಸುಡುವ ಅಂಚಿನಲ್ಲಿ ಗಂಧಕವೂ, ಹೊರಗಿನ ಹೆಚ್ಚು ಅಯಾನೀಕೃತ ಅನಿಲದಲ್ಲಿ ಆಮ್ಲಜನಕವೂ ಹೊಳೆಯುವುದನ್ನು ಅದು ನಿಜವಾಗಿಯೇ ಬೇರ್ಪಡಿಸಿ ತೋರಿಸುತ್ತದೆ.

ಸಂಸ್ಕರಣೆ ಶುರುವಾಗುವುದು ಡಾರ್ಕ್ ಮತ್ತು ಫ್ಲ್ಯಾಟ್ ಚಿತ್ರಗಳಿಂದ. ಮೊದಲನೆಯದು ಸಂವೇದಕದ ಉಷ್ಣಸಂಕೇತವನ್ನು ಕಳೆಯುತ್ತದೆ, ಎರಡನೆಯದು ಧೂಳಿನ ನೆರಳು, ಅಂಚಿನ ಮಬ್ಬುಗಳನ್ನು ಸರಿಪಡಿಸುತ್ತದೆ. ಬಳಿಕ ಚಿತ್ರಗಳನ್ನು ನಕ್ಷತ್ರಗಳ ಗುರುತಿನ ಮೇಲೆ ಹೊಂದಿಸಿ ಸ್ಟ್ಯಾಕ್ ಮಾಡುತ್ತಾರೆ, ಅಂದರೆ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರವಾಗಿಸುತ್ತಾರೆ. ಬಿಡಿಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ನಾಯ್ಸ್‌ಗೆ (ಯಾದೃಚ್ಛಿಕ ಏರುಪೇರಿಗೆ) ಹೋಲಿಸಿದ ಸಂಕೇತ ಎರಡು ಪಟ್ಟಾಗುತ್ತದೆ. ಪಿಕ್ಸ್‌ಇನ್‌ಸೈಟ್, ಉಚಿತವಾದ ಸಿರಿಲ್ ಮುಂತಾದ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ.

ನಾಜೂಕಿನ ಘಟ್ಟ ಸ್ಟ್ರೆಚಿಂಗ್, ಅಂದರೆ ಕತ್ತಲಲ್ಲಿ ಹುದುಗಿದ ಮಂದ ಭಾಗಗಳನ್ನು ಕಾಣುವ ಮಟ್ಟಕ್ಕೆ ಏರಿಸುವುದು. ಹೈಡ್ರೋಜನ್ ಸಾಮಾನ್ಯವಾಗಿ ಉಳಿದೆರಡಕ್ಕಿಂತ ಬಹಳ ಪ್ರಬಲ. ಮೂರನ್ನೂ ಒಂದೇ ಪ್ರಮಾಣದಲ್ಲಿ ಏರಿಸಿದರೆ ಚಿತ್ರವೆಲ್ಲ ಹಸಿರಾಗುತ್ತದೆ. ದುರ್ಬಲ ಚಾನೆಲ್‌ಗಳನ್ನು ಹೆಚ್ಚು ಏರಿಸಿದರೆ ಹೊನ್ನು-ನೀಲಿ ಛಾಯೆಗಳು ತೆರೆದುಕೊಳ್ಳುತ್ತವೆ, ಆದರೆ ನಾಯ್ಸ್ ಕೂಡ ಏರುತ್ತದೆ, ನಕ್ಷತ್ರಗಳು ಕೆನ್ನೇರಳೆಗೆ ತಿರುಗುತ್ತವೆ. ಅದಕ್ಕಾಗಿ ಅನೇಕರು ನಕ್ಷತ್ರಗಳನ್ನು ತಂತ್ರಾಂಶದಿಂದ ಬೇರ್ಪಡಿಸಿ, ಸಾಮಾನ್ಯ ಬಣ್ಣದ ಫಿಲ್ಟರ್‌ಗಳಲ್ಲಿ ತೆಗೆದ ನಕ್ಷತ್ರಗಳನ್ನು ಕೊನೆಗೆ ಸೇರಿಸುತ್ತಾರೆ.

ಹೀಗೆ ಏರಿಸಿದ ಚಿತ್ರದ ಹೊಳಪು ಅಳತೆಗೆ ಒದಗದು. ಹೈಡ್ರೋಜನ್-ಆಲ್ಫಾಗೆ ಗಂಧಕದ ಅನುಪಾತ ಸುಮಾರು 0.4 ಮೀರಿದ್ದರೆ ಅದನ್ನು ಸೂಪರ್‌ನೋವಾ ಅವಶೇಷಗಳ ಆಘಾತ ತರಂಗದ ಕುರುಹೆಂದು ಖಗೋಳಜ್ಞರು ಪರಿಗಣಿಸುತ್ತಾರೆ. ಆ ಅನುಪಾತವನ್ನು ಸ್ಟ್ರೆಚ್ ಮಾಡದ, ಹಿನ್ನೆಲೆಯನ್ನೂ ನಕ್ಷತ್ರಗಳ ಬೆಳಕನ್ನೂ ಕಳೆದು ಮಾಪನಾಂಕಕ್ಕೆ ಹೊಂದಿಸಿದ ಮೂಲ ಚಿತ್ರಗಳಿಂದಲೇ ಲೆಕ್ಕ ಹಾಕಬೇಕು.