ಒಂದೇ ಪುಸ್ತಕದ ನಾಲ್ಕು ಸಿನಿಮಾ

ಮೊನ್ನೆ ಕಾಫಿ ಕುಯ್ಲು ಮುಗ್ಸಿ ನಮ್ಮನೇಲಿ ಎಲ್ರೂ ಸೇರಿದ್ವಲ್ಲ, ಆಗ ಸಿನಿಮಾ ಮಾತು ಬಂತು. ನಿಂಗ್ಯಾವ್ದು ಇಷ್ಟ ಅಂತ ಅತ್ತಿಗೆ ಕೇಳಿದ್ರು. ‘ತಬರನ ಕಥೆ’ ಅಂದೆ. ಹುಡ್ಗೀರೆಲ್ಲ ಮುಖ ಮುಖ ನೋಡ್ಕಂಡ್ರು. ಹೆಸ್ರೇ ಕೇಳಿಲ್ವಂತೆ! ಎಂತ ಹೇಳದು ಮಾರಾಯ್ರೆ. ಅದ್ಕೇ ಇವತ್ತು ಅಡಿಗೆ ವಿಷ್ಯ ಬಿಟ್ಟು ಇದನ್ನ ಬರೀತಿದೀನಿ.

ಮೂಡಿಗೆರೇಲಿ ತೋಟ ಮಾಡ್ಕಂಡಿದ್ದ ಪೂರ್ಣಚಂದ್ರ ತೇಜಸ್ವಿಯವರದ್ದು ‘ಅಬಚೂರಿನ ಪೋಸ್ಟಾಫೀಸು’ ಅಂತ ಒಂದು ಕಥೆ ಪುಸ್ತಕ. ಬಂದಿದ್ದು 1973ರಲ್ಲಿ. ಆ ಒಂದು ಪುಸ್ತಕದಿಂದ್ಲೇ ನಾಲ್ಕು ಸಿನಿಮಾ ಆಗಿದಾವೆ. ಮೊದಲ್ನೇದು ಅದೇ ಹೆಸರಿನದು, ಎನ್. ಲಕ್ಷ್ಮೀನಾರಾಯಣ್ ಮಾಡಿದ್ದು. ಊರಿನ ಟಪಾಲು ಕೈಗೆ ಬಂದ್ಮೇಲೆ ಬೋಬಣ್ಣನ ನೆಮ್ಮದಿ ಕೆಡೋ ಕಥೆ. 1973ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.

ಎರಡ್ನೇದೇ ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’. 1986ನೇ ಸಾಲಿನಲ್ಲಿ ಇಡೀ ದೇಶಕ್ಕೇ ಅತ್ಯುತ್ತಮ ಚಿತ್ರ ಅನ್ನಿಸ್ಕಂತು. ತಬರನಾಗಿದ್ದ ಚಾರುಹಾಸನ್‌ಗೆ ಅತ್ಯುತ್ತಮ ನಟ ಪ್ರಶಸ್ತಿ. ತಬರ ರಿಟೈರಾದ ಜವಾನ. ಪೆನ್ಶನ್‌ಗೆ ಆಫೀಸಿಂದ ಆಫೀಸಿಗೆ ಅಲೀತಾನೆ. ಮನೇಲಿ ಹೆಂಡ್ತಿಗೆ ಸಕ್ರೆ ಕಾಯಿಲೆ, ಕಾಲಿನ ಗಾಯ ಕೊಳೀತಾ ಹೋಗ್ತದೆ. ದುಡ್ಡಿಲ್ಲ. ಕೊನೆಗೆ ಕಾಲು ಕಡ್ದು ಕೊಡು ಅಂತ ಕಟುಕನ ಹತ್ರ ಕೇಳೋಕೆ ಹೋಗ್ತಾನೆ. ಈಗ್ಲೂ ನೆನೆಸ್ಕಂಡ್ರೆ ಹೊಟ್ಟೇಲಿ ಸಂಕಟ ಆಗ್ತದೆ.

ಇದನ್ನ ನಾವು ನೋಡಿದ್ದು ದೂರದರ್ಶನದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ನಾನು ಹೊಸ ಸೊಸೆ. ಆಂಟೆನಾ ತಿರುಗ್ಸೋಕೆ ಒಬ್ರು ಹೊರಗೆ, ನೋಡೋರು ಒಳಗೆ. ನಮ್ಮತ್ತೆ ಬಾಗ್ಲ ಹತ್ರ ಕೂತಿದ್ರು. ಸಿನಿಮಾ ಮುಗಿದ್ಮೇಲೆ ಒಂದ್ ಮಾತೂ ಆಡ್ದೆ ಒಳಗೆ ಹೋದ್ರು. ರಾತ್ರಿ ಎಲ್ರದ್ದೂ ಊಟ ಆದ್ಮೇಲೆ ನನ್ನೊಬ್ಳನ್ನೇ ಕರ್ದು ಸೀರೆ ನೆರಿಗೆ ಎತ್ತಿ ಕಾಲು ತೋರ್ಸಿದ್ರು. ತೋಟದಲ್ಲಿ ಕೂಳೆ ಚುಚ್ಚಿದ ಗಾಯ, ಬೆರಳು ಕಪ್ಪಾಗಿತ್ತು. ಅವ್ರಿಗೂ ಸಕ್ರೆ ಕಾಯಿಲೆ. ಕುಯ್ಲು ಟೈಮಲ್ಲಿ ಯಾಕೆ ತೊಂದ್ರೆ ಕೊಡದು ಅಂತ ಮುಚ್ಚಿಟ್ಟಿದ್ರಂತೆ! ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಮೂಡಿಗೆರೆಗೆ ಕರ್ಕಂಡೋದ್ವಿ. ಬೆರಳು ಹೋಯ್ತು, ಕಾಲು ಉಳೀತು. ಆಮೇಲೆ ಹನ್ನೊಂದು ವರ್ಷ ಅದೇ ಕಾಲಲ್ಲಿ ಓಡಾಡಿದ್ರು.

ಮೂರನೇದು ಸದಾನಂದ ಸುವರ್ಣ ಅವರ ‘ಕುಬಿ ಮತ್ತು ಇಯಾಲ’. ಇದರಲ್ಲೂ ಚಾರುಹಾಸನ್, ಹಳ್ಳಿಗೆ ಬಂದ ಡಾಕ್ಟ್ರು. ನಾಲ್ಕನೇದು ‘ಡೇರ್‌ಡೆವಿಲ್ ಮುಸ್ತಫಾ’, ಶಶಾಂಕ್ ಸೋಗಾಲ್ ಮಾಡಿದ್ದು, 2023ರಲ್ಲಿ ಬಂತು. ತೇಜಸ್ವಿ ಓದೋ ನೂರು ಜನ ಸೇರಿ ದುಡ್ಡು ಹಾಕಿದ ಸಿನಿಮಾ ಅದು! ಕಾಲೇಜು, ಕ್ರಿಕೆಟ್ಟು, ನಗು ಎಲ್ಲಾ ಇದೆ. ಮಕ್ಳ ಜೊತೆ ನೋಡೋಕೆ ಇದೇ ಸರಿ. ತೇಜಸ್ವಿಯವರು 2007ರಲ್ಲೇ ಹೋಗ್ಬಿಟ್ರು, ಇದನ್ನ ನೋಡೋಕೆ ಇರ್ಲಿಲ್ಲ.

ಬೇರೆ ಪುಸ್ತಕದ್ದು ಇನ್ನೊಂದಿದೆ, ‘ಕಿರಗೂರಿನ ಗಯ್ಯಾಳಿಗಳು’. 2016ರಲ್ಲಿ ಸುಮನಾ ಕಿತ್ತೂರು ಮಾಡಿದ್ದು. ಅದನ್ನ ನಾವು ಹೆಂಗಸ್ರೇ ಸೇರಿ ನೋಡ್ಬೇಕು, ಗಂಡಸ್ರು ಜಗಲೀಲಿ ಇರ್ಲಿ.

ನೀವು ನೋಡಿ ಇಷ್ಟಪಟ್ಟು ಯಾರಿಗೂ ಹೇಳ್ದೇ ಇರೋ ಸಿನಿಮಾ ಇದ್ರೆ ನಂಗೂ ಹೇಳಿ. ಹಾಂ, ಮನೇಲಿ ಸಕ್ರೆ ಕಾಯಿಲೆ ಇರೋ ಹಿರಿಯರಿದ್ರೆ ಇವತ್ತೇ ಒಂದ್ಸಲ ಅವರ ಕಾಲು ನೋಡಿ. ಅವ್ರಾಗೇ ಹೇಳಲ್ಲ.