ಬಿಸಿಲಿಗೆ ಕೊಡೆ ಹಿಡಿಯುವ ಸಂಶೋಧನೆ: ಅರವತ್ತು ವರ್ಷಗಳ ವಾದವಿವಾದ

ತಾನು ಕೆಡಿಸಿದ್ದನ್ನು ತಾನೇ ಸರಿಪಡಿಸಬೇಕೆಂದು ಮನುಷ್ಯನು ಬಯಸುವುದು ಉಚಿತವೇ ಆಗಿದೆ. ಆದರೆ ಸರಿಪಡಿಸುವ ಉಪಾಯವೇ ಹೊಸ ಕೇಡಿಗೆ ದಾರಿಯಾಗುವ ಸಂಭವವಿದ್ದಾಗ, ಆ ಉಪಾಯವನ್ನು ಕುರಿತು ಸಂಶೋಧನೆ ನಡೆಸುವುದಾದರೂ ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಭೂಮಿಯ ತಾಪವನ್ನು ತಗ್ಗಿಸುವುದಕ್ಕಾಗಿ ವಾತಾವರಣದಲ್ಲಿ ಅಥವಾ ಸಾಗರದಲ್ಲಿ ಬುದ್ಧಿಪೂರ್ವಕವಾಗಿ ದೊಡ್ಡ ಪ್ರಮಾಣದ ಮಾರ್ಪಾಡು ಮಾಡುವ ಯೋಜನೆಗಳಿಗೆ ಜಿಯೋಇಂಜಿನಿಯರಿಂಗ್ ಎಂದು ಹೆಸರು. ಅದರ ಸಂಶೋಧನೆಯ ಸುತ್ತ ಬೆಳೆದ ವಾದದ ಇತಿಹಾಸವು ನೀತಿವಿಚಾರದಲ್ಲಿ ಆಸಕ್ತರಾದವರೆಲ್ಲರೂ ತಿಳಿಯತಕ್ಕದ್ದಾಗಿದೆ.

1965ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ವಿಜ್ಞಾನ ಸಲಹೆಗಾರರು ಪರಿಸರ ಮಾಲಿನ್ಯವನ್ನು ಕುರಿತ ವರದಿಯೊಂದನ್ನು ಸಲ್ಲಿಸಿದರು. ಇಂಗಾಲದ ಡೈಆಕ್ಸೈಡಿನಿಂದ ಭೂಮಿಯು ಬಿಸಿಯಾಗಬಹುದೆಂದು ರೋಜರ್ ರೆವೆಲ್ ಮೊದಲಾದವರು ಸಿದ್ಧಪಡಿಸಿದ ಅಧ್ಯಾಯವು ಸ್ಪಷ್ಟವಾಗಿ ಎಚ್ಚರಿಸಿತ್ತು. ಪರಿಹಾರವಾಗಿ, ಬೆಳಕನ್ನು ಪ್ರತಿಫಲಿಸುವ ಕಣಗಳನ್ನು ಸಮುದ್ರದ ಮೇಲೆ ಹರಡಬಹುದೆಂದೂ, ವರ್ಷಕ್ಕೆ ಸುಮಾರು 50 ಕೋಟಿ ಡಾಲರ್ ವೆಚ್ಚದಲ್ಲಿ ಪ್ರತಿಫಲನವನ್ನು ಶೇಕಡ 1ರಷ್ಟು ಬದಲಿಸಬಹುದೆಂದೂ ಲೆಕ್ಕ ಹಾಕಿತ್ತು. ಕಲ್ಲಿದ್ದಲು ಮತ್ತು ತೈಲಗಳ ಬಳಕೆಯನ್ನು ತಗ್ಗಿಸಬೇಕೆಂಬ ಸಲಹೆ ಮಾತ್ರ ಆ ಅಧ್ಯಾಯದಲ್ಲಿರಲಿಲ್ಲ. ಔಷಧದ ಮಾತು ಬಂದಿತ್ತು, ಪಥ್ಯದ ಮಾತು ಬಂದಿರಲಿಲ್ಲ.

1970ರ ದಶಕದಲ್ಲಿ ಸೋವಿಯತ್ ಹವಾಮಾನ ವಿಜ್ಞಾನಿ ಮಿಖಾಯಿಲ್ ಬುಡಿಕೊ ಅವರು, ವಾಯುಮಂಡಲದ ಮೇಲಿನ ಸ್ತರವಾದ ಸ್ಟ್ರಾಟೋಸ್ಫಿಯರಿನಲ್ಲಿ ವಿಮಾನಗಳ ಮೂಲಕ ಗಂಧಕವನ್ನು ಉರಿಸಿ ಸೂರ್ಯನ ಬಿಸಿಲನ್ನು ಕೊಂಚ ತಡೆಯಬಹುದೆಂದು ಸೂಚಿಸಿದರು. ಈ ಸೂಚನೆಗೆ ಪ್ರಕೃತಿಯೇ ಪ್ರಮಾಣ ಒದಗಿಸಿತು. 1991ರ ಜೂನ್ ತಿಂಗಳಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿಯು ಒಂದೂವರೆಯಿಂದ ಎರಡು ಕೋಟಿ ಟನ್ನುಗಳಷ್ಟು ಗಂಧಕದ ಡೈಆಕ್ಸೈಡನ್ನು ಆ ಸ್ತರಕ್ಕೆ ಚಿಮ್ಮಿತು. ಮರುವರ್ಷ ಭೂಮಿಯ ಸರಾಸರಿ ಉಷ್ಣತೆಯು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಆದರೆ ಅದೇ ಅವಧಿಯಲ್ಲಿ ಭೂಭಾಗಗಳ ಮೇಲೆ ಬೀಳುವ ಮಳೆಯೂ ಕಡಿಮೆಯಾಯಿತೆಂಬುದನ್ನು ಮರೆಯುವಂತಿಲ್ಲ.

ವಿಜ್ಞಾನಿಗಳು ಬಹುಕಾಲ ಈ ವಿಷಯವನ್ನು ಎತ್ತಲು ಹಿಂಜರಿದರು. ರಸಾಯನಶಾಸ್ತ್ರದಲ್ಲಿ 1995ರ ನೊಬೆಲ್ ಪ್ರಶಸ್ತಿ ಪಡೆದ ಪೌಲ್ ಕ್ರಟ್ಸನ್ ಅವರು 2006ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿ, ಹೊಗೆಯನ್ನು ತಗ್ಗಿಸುವುದೇ ಉತ್ತಮ ಮಾರ್ಗವಾದರೂ ಅದು ನಡೆಯುವ ಲಕ್ಷಣ ಕಾಣದಿರುವುದರಿಂದ ಗಂಧಕದ ಉಪಾಯವನ್ನು ಅಧ್ಯಯನ ಮಾಡಬೇಕೆಂದು ವಾದಿಸಿದರು. ಅಂದಿನಿಂದ ವಾದವು ಬಹಿರಂಗವಾಯಿತು.

ವಿರೋಧಿಗಳ ಆಕ್ಷೇಪಗಳು ಗಂಭೀರವಾದವು. ಬಿಸಿಲನ್ನು ತಡೆದರೂ ಇಂಗಾಲದ ಡೈಆಕ್ಸೈಡ್ ಎಲ್ಲಿಯೂ ಹೋಗುವುದಿಲ್ಲ. ಅಸಲನ್ನು ತೀರಿಸದೆ, ಬಡ್ಡಿಯನ್ನು ಮಾತ್ರ ಹೊಸ ಸಾಲದಿಂದ ಕಟ್ಟುತ್ತ ಬಂದವನಿಗೆ ಆ ಹೊಸ ಸಾಲವೂ ನಿಂತ ದಿನ ಏನಾಗುವುದೋ, ಕಣಗಳ ಸಿಂಪಡಣೆ ಹಠಾತ್ತನೆ ನಿಂತಾಗ ಭೂಮಿಗೂ ಅದೇ ಆಗುವುದು. ತಡೆದಿಟ್ಟ ತಾಪವೆಲ್ಲ ಕೆಲವೇ ವರ್ಷಗಳಲ್ಲಿ ಮೇಲೆ ಬೀಳುವುದು. ಎರಡನೆಯದಾಗಿ, ಲಾಭ ಒಬ್ಬರಿಗೂ ನಷ್ಟ ಇನ್ನೊಬ್ಬರಿಗೂ ಆಗಬಹುದು. ಉತ್ತರಾರ್ಧ ಗೋಳದಲ್ಲಿ ಮಾತ್ರ ಕಣಗಳನ್ನು ಹರಡಿದರೆ ಆಫ್ರಿಕದ ಸಾಹೆಲ್ ಪ್ರದೇಶದಲ್ಲಿ ಬರಗಾಲ ಉಂಟಾಗಬಹುದೆಂದು ಬ್ರಿಟನ್ನಿನ ಹವಾಮಾನ ವಿಜ್ಞಾನಿಗಳು 2013ರಲ್ಲಿ ತೋರಿಸಿಕೊಟ್ಟರು. ಮುಂಗಾರನ್ನು ನಂಬಿ ಬಾಳುವ ನಮ್ಮ ದೇಶಕ್ಕೂ ಇದು ದೂರದ ಸಂಗತಿಯಲ್ಲ. ಮೂರನೆಯದಾಗಿ, ಇಂಥ ಉಪಾಯವಿದೆಯೆಂಬ ಭರವಸೆಯೇ ಹೊಗೆ ತಗ್ಗಿಸುವ ಸಂಕಲ್ಪವನ್ನು ಸಡಿಲಿಸೀತು.

ಹಾಗಿದ್ದರೆ ಸಂಶೋಧನೆಯನ್ನೇ ನಿಷೇಧಿಸಬೇಕೇ? ಇಲ್ಲಿ ಭಾರತವು ಪಾಲುಗೊಂಡ ಪ್ರಯೋಗವೊಂದನ್ನು ಸ್ಮರಿಸಬೇಕು. 2009ರ ಆರಂಭದಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಗಳ ವಿಜ್ಞಾನಿಗಳು ಪೋಲಾರ್‌ಸ್ಟರ್ನ್ ಎಂಬ ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ತೆರಳಿ, ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣದ ಲವಣವನ್ನು ಬೆರೆಸಿದರು. ಲೋಹಾಫೆಕ್ಸ್ ಎಂದು ಹೆಸರಾದ ಈ ಪ್ರಯೋಗಕ್ಕೆ ಪರಿಸರವಾದಿಗಳ ವಿರೋಧ ಬಂದು, ಜರ್ಮನ್ ಸರ್ಕಾರವು ಅದನ್ನು ಕೆಲಕಾಲ ತಡೆದು ಬಳಿಕ ಅನುಮತಿಯಿತ್ತಿತು. ಕಬ್ಬಿಣದಿಂದ ಸೂಕ್ಷ್ಮ ಸಸ್ಯಗಳು ಬೆಳೆದು, ಇಂಗಾಲವನ್ನು ಹೀರಿ, ಸಮುದ್ರದ ತಳಕ್ಕೆ ಇಳಿಯುವುವೆಂಬುದು ನಿರೀಕ್ಷೆಯಾಗಿತ್ತು. ಸಸ್ಯಗಳು ಬೆಳೆದವು, ಆದರೆ ಕೋಪಿಪಾಡ್ ಎಂಬ ಸಣ್ಣ ಜೀವಿಗಳು ಅವನ್ನು ತಿಂದವು. ತಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಹೀಗೆ ಸಾಗರಕ್ಕೆ ಕಬ್ಬಿಣ ಸುರಿದು ಹಣ ಗಳಿಸಬಹುದೆಂದು ಕೆಲವು ಕಂಪನಿಗಳು ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ, ಆ ಲೆಕ್ಕ ಎಷ್ಟು ಅಭದ್ರವಾದದ್ದೆಂದು ಸಂಶೋಧನೆಯೇ ತಿಳಿಸಿಕೊಟ್ಟಿತು. ಮಾಡಬಾರದ್ದನ್ನು ಅರಿಯುವುದಕ್ಕೂ ಜ್ಞಾನ ಬೇಕು.

ಇತರ ಪ್ರಯೋಗಗಳ ಕಥೆ ಬೇರೆ. ಇಂಗ್ಲೆಂಡಿನಲ್ಲಿ ಬಲೂನಿನಿಂದ ಒಂದು ಕಿಲೋಮೀಟರ್ ಎತ್ತರದಲ್ಲಿ ಬರಿಯ ನೀರನ್ನು ಸಿಂಪಡಿಸಲಿದ್ದ ಸ್ಪೈಸ್ ಯೋಜನೆಯ ಪರೀಕ್ಷೆಯು 2012ರಲ್ಲಿ ರದ್ದಾಯಿತು. ಉಪಕರಣಕ್ಕೆ ಸಂಬಂಧಿಸಿದ ಪೇಟೆಂಟ್ ಅರ್ಜಿಯೊಂದು ಹಿತಾಸಕ್ತಿಯ ಪ್ರಶ್ನೆಯನ್ನು ಎಬ್ಬಿಸಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಸ್ವೀಡನ್ನಿನ ಕಿರುನಾದಿಂದ ಬಲೂನೊಂದನ್ನು ಹಾರಿಸಬೇಕೆಂದಿದ್ದರು. ಆ ಹಾರಾಟದಲ್ಲಿ ಯಾವ ಕಣವನ್ನೂ ಬಿಡುವ ಉದ್ದೇಶವಿರಲಿಲ್ಲ. ಆದರೂ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮಂಡಳಿಯು, ತಮ್ಮನ್ನು ಕೇಳಲಿಲ್ಲವೆಂದು ಪ್ರತಿಭಟಿಸಿದಾಗ ಅದು ನಿಂತಿತು. 2024ರಲ್ಲಿ ಯೋಜನೆಯೇ ಮುಚ್ಚಿತು. ಅದೇ ವರ್ಷ ಕ್ಯಾಲಿಫೋರ್ನಿಯದ ಅಲಮೀಡ ನಗರದಲ್ಲಿ ಸಮುದ್ರದುಪ್ಪಿನ ಹನಿಗಳನ್ನು ಸಿಂಪಡಿಸುವ ಪ್ರಯೋಗವನ್ನು ನಗರಸಭೆ ನಿಲ್ಲಿಸಿತು. ಅಪಾಯ ಕಾಣುವುದಿಲ್ಲವೆಂದು ನಗರವು ನೇಮಿಸಿದ ತಜ್ಞರೇ ಹೇಳಿದ್ದರು. ಮುಂಚಿತವಾಗಿ ತಿಳಿಸಲಿಲ್ಲವೆಂಬುದೇ ಸಭಾಸದರ ಅಸಮಾಧಾನಕ್ಕೆ ಕಾರಣವಾಗಿತ್ತು. ಈ ಮೂರೂ ಕಡೆ ಕೆಟ್ಟದ್ದು ರಸಾಯನದ ಲೆಕ್ಕವಲ್ಲ, ವಿಶ್ವಾಸದ ಲೆಕ್ಕ.

ಲೋಕದ ಅಭಿಪ್ರಾಯ ಇಂದಿಗೂ ಒಂದಾಗಿಲ್ಲ. 2010ರಲ್ಲಿ ಜಪಾನಿನ ನಗೋಯಾದಲ್ಲಿ ಜೀವವೈವಿಧ್ಯ ಒಪ್ಪಂದದ ಸದಸ್ಯ ದೇಶಗಳು, ಸಣ್ಣ ಪ್ರಮಾಣದ ವೈಜ್ಞಾನಿಕ ಅಧ್ಯಯನವನ್ನು ಹೊರತುಪಡಿಸಿ ಇಂಥ ಕಾರ್ಯಗಳು ನಡೆಯದಿರಲಿ ಎಂದು ನಿರ್ಣಯಿಸಿದವು. 2022ರಲ್ಲಿ ಅರವತ್ತಕ್ಕೂ ಹೆಚ್ಚು ವಿದ್ವಾಂಸರು, ಸೂರ್ಯನ ಬಿಸಿಲನ್ನು ತಡೆಯುವ ಉಪಾಯಗಳ ಬಳಕೆಯನ್ನು ಜಗತ್ತೇ ತ್ಯಜಿಸಬೇಕೆಂದು ಕರೆಕೊಟ್ಟರು. 2023ರಲ್ಲಿ ಜೇಮ್ಸ್ ಹ್ಯಾನ್ಸನ್ ಅವರನ್ನೊಳಗೊಂಡ ಅಷ್ಟೇ ಸಂಖ್ಯೆಯ ವಿಜ್ಞಾನಿಗಳು ಸಂಶೋಧನೆ ಅಗತ್ಯವೆಂದು ಪತ್ರ ಬರೆದರು. 2025ರಲ್ಲಿ ಬ್ರಿಟಿಷ್ ಸರ್ಕಾರದ ಸಂಸ್ಥೆಯೊಂದು ಈ ಕ್ಷೇತ್ರಕ್ಕೆ ಸುಮಾರು 5.7 ಕೋಟಿ ಪೌಂಡ್ ಘೋಷಿಸಿತು.

ಈ ಇತಿಹಾಸದಿಂದ ಹೊರಡುವ ನಿರ್ಣಯ ಇಷ್ಟು. ಅರಿಯಲು ಯತ್ನಿಸುವುದು ದೋಷವಲ್ಲ. ಅಜ್ಞಾನವು ಯಾರನ್ನೂ ಕಾಯುವುದಿಲ್ಲ. ಆದರೆ ಎಲ್ಲರಿಗೂ ಸೇರಿದ ಆಕಾಶದಲ್ಲಿ ನಡೆಯುವ ಪ್ರಯೋಗದ ಖಾತೆ ಎಲ್ಲರಿಗೂ ತೆರೆದಿರಬೇಕು. ಹಣ ಯಾರದು, ಒಡೆತನ ಯಾರದು, ಯಾರ ಸಮ್ಮತಿ ಪಡೆಯಲಾಗಿದೆ, ನಷ್ಟವಾದರೆ ತುಂಬಿಕೊಡುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಪ್ರಯೋಗಕ್ಕೆ ಮೊದಲೇ ಉತ್ತರ ದೊರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬಳಕೆಯ ಮಿತಿಯನ್ನು ಸಂಶೋಧನೆಯ ನೆಪದಲ್ಲಿ ಮುಂದೂಡಬಾರದು. ಕೈಗಾರಿಕೆಗಳ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. 1965ರ ಆ ಅಧ್ಯಾಯವು ಹೇಳದೆ ಬಿಟ್ಟ ಪಥ್ಯವನ್ನು ಆಚರಿಸಲು ಯಾವ ಪ್ರಯೋಗದ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ.