ಮನೆತನದ ನೆನಪು, ಸರ್ಕಾರದ ಕಾಗದ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ದಾಖಲೆಗಳು

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಕರಾವಳಿಯ ನಮ್ಮ ಓದುಗರಿಗೆ ಅಷ್ಟು ಪರಿಚಿತ ಊರುಗಳಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಯನ್ನು ದಾಟಿ ಹೋದರೆ ಸಿಗುವ ಎರೆಮಣ್ಣಿನ ಸೀಮೆಯಿದು. ಜೋಳ, ಹತ್ತಿ, ಕಡಲೆಯ ಹೊಲಗಳು, ನಡುವೆ ಒಂದೊಂದು ಕೋಟೆ ಇರುವ ಗುಡ್ಡ. ಧರ್ಮಸಭೆಯ ಆಡಳಿತದಲ್ಲಿ ಈ ಪ್ರದೇಶ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕರಾವಳಿಯಲ್ಲಿ ಹುಟ್ಟಿ ಘಟ್ಟದ ಮೇಲೆ ಸೇವೆ ಸಲ್ಲಿಸುವ ಧರ್ಮಗುರುಗಳು ಮತ್ತು ಧರ್ಮಭಗಿನಿಯರು ಅನೇಕರಿದ್ದಾರೆ. ಅಲ್ಲಿನ ಜನ ವಾರಸಾ, ವಂಶವೃಕ್ಷ, ಹುಟ್ಟಿದ ದಿನಾಂಕ ಎಂದು ಕಾಗದ ಹಿಡಿದುಕೊಂಡು ಸಲಹೆ ಕೇಳಲು ಬಂದಾಗ, ಆ ಕಾಗದಗಳ ಹಿಂದಿನ ಚರಿತ್ರೆ ತಿಳಿದಿದ್ದರೆ ಉಪಯೋಗವಾಗುತ್ತದೆ.

ಹೆಳವರ ಹೊತ್ತಿಗೆ

ಈ ಸೀಮೆಯ ಒಕ್ಕಲು ಮನೆತನಗಳ ಚರಿತ್ರೆಯನ್ನು ಬಹುಕಾಲ ಕಾದವರು ಹೆಳವರು. ಹೆಳವ ಎಂದರೆ ಕುಂಟ. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತಾ ಇವರು ಊರಿಗೆ ಬರುತ್ತಿದ್ದರು. ಕಾಲಿಲ್ಲದ ತಮ್ಮ ಮೂಲಪುರುಷನಿಗೆ ಎತ್ತು ಕೊಟ್ಟು ಈ ಕಾಯಕ ಹಚ್ಚಿದವರು ಬಸವಣ್ಣನವರು ಎಂಬುದು ಅವರ ನಂಬಿಕೆ. ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು ಯಾವುದು, ಯಾರ ಕಾಲದಲ್ಲಿ ಅಲ್ಲಿಂದ ಎದ್ದು ಬಂದರು, ಅಣ್ಣತಮ್ಮಂದಿರು ಎಲ್ಲಿ ಕವಲೊಡೆದರು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಾರೆ. ಬದಲಿಗೆ ಕಾಳು, ಹಣ, ಕೆಲವು ಸಲ ಒಂದು ದನ. ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಕೆಲವು ಮನೆತನಗಳ ವಿವರ ತಾಮ್ರಪಟಗಳಲ್ಲಿ ಇದೆ. ಹೆಚ್ಚಿನವು ಕೈಬರಹದ ಪುಸ್ತಕಗಳು. ಬ್ರಿಟಿಷ್ ಅಧಿಕಾರಿ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ಹೆಳವರನ್ನು ಭಿಕ್ಷುಕರ ಸಾಲಿಗೆ ಸೇರಿಸಿದ್ದಾನೆ. ಅದು ಸರಿಯಾದ ಮಾತಲ್ಲ. ಊರೂರು ತಿರುಗುವ ದಾಖಲೆ ಕಚೇರಿ ಎಂದರೆ ಹೆಚ್ಚು ಸರಿ.

ಹೆಳವರ ಹೊತ್ತಿಗೆಗೂ ಮಿತಿ ಇದೆ. ಅಲ್ಲಿ ಗಂಡು ಸಂತತಿಯ ಸಾಲೇ ಮುಖ್ಯ. ಹೆಣ್ಣುಮಕ್ಕಳು, ಹೊಲವಿಲ್ಲದ ಕೂಲಿಯವರು ಅದರಲ್ಲಿ ಸಿಗುವುದು ಕಡಿಮೆ.

ಕಾಗದ ಕೇಳಿದ ಸರ್ಕಾರ

ಬಾಯಿಮಾತು ಮತ್ತು ಅನುಭವ ಸಾಲದು, ಸನದು ತೋರಿಸಿ ಎಂಬ ಒತ್ತಾಯ ಈ ಸೀಮೆಗೆ ಬಂದದ್ದು ಕಂಪನಿ ಸರ್ಕಾರದ ಇನಾಂ ಕಮಿಷನ್ ಮೂಲಕ. ಗುಡಿ, ಮಠ, ಮಸೀದಿಗಳಿಗೆ, ಸೇವೆ ಮಾಡಿದ ಮನೆತನಗಳಿಗೆ ಹಿಂದಿನ ಅರಸರು ಬಿಟ್ಟುಕೊಟ್ಟ ಭೂಮಿಯೇ ಇನಾಂ. (ಗಜೇಂದ್ರಗಡದಿಂದ ಪೂರ್ವಕ್ಕೆ ಇರುವ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ 16ನೇ ಶತಮಾನದ ಕಥೋಲಿಕ ಸಮುದಾಯವಿದೆ, ಅವರಿಗೂ ಬಿಜಾಪುರದ ಆದಿಲಶಾಹಿಗಳು ಉಂಬಳಿ ಕೊಟ್ಟಿದ್ದನ್ನು ಗ್ಯಾಸೆಟಿಯರುಗಳು ಹೇಳುತ್ತವೆ.) 1852ರ 11ನೇ ಕಾಯ್ದೆಯಿಂದ ಕಮಿಷನ್‌ಗೆ ಕಾನೂನಿನ ಬಲ ಬಂತು. ತಲೆಮಾರುಗಳಿಂದ ಉಂಡ ಭೂಮಿಯಾದರೂ ಪತ್ರವಿಲ್ಲದವರು ಅದಕ್ಕೆ ಕಂದಾಯ ಕಟ್ಟಬೇಕಾಯಿತು.

ನರಗುಂದದ 1858ರ ಬಂಡಾಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಗನನ್ನು ಕಳೆದುಕೊಂಡಿದ್ದರು. ದತ್ತು ತೆಗೆದುಕೊಳ್ಳಲು ಸರ್ಕಾರ ಒಪ್ಪಲಿಲ್ಲ. ಅಂದರೆ ಆ ಮನೆತನ ಅವರೊಂದಿಗೇ ಮುಗಿಯುತ್ತದೆ ಎಂದಾಯಿತು. ಆಗ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಮೊದಲು ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದವನು. ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಹತ್ಯೆಯಾಯಿತು. ಜೂನ್ ಮೊದಲಲ್ಲೇ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ತಾಯಿ ಮತ್ತು ಪತ್ನಿ ಮಲಪ್ರಭೆಯಲ್ಲಿ ಪ್ರಾಣಬಿಟ್ಟರೆಂದು ಊರು ಇಂದಿಗೂ ನೆನೆಯುತ್ತದೆ. ಅವರಲ್ಲಿ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಬಂಡಾಯದ ಕಥೆ ಹೇಳುವವರು ಕತ್ತಿಯನ್ನು ನೆನೆಯುತ್ತಾರೆ, ಪುಸ್ತಕಗಳನ್ನು ಮರೆಯುತ್ತಾರೆ.

ಇದೇ ಮನೆತನದ ಮೇಲೆ 1785ರಲ್ಲಿ ಟಿಪ್ಪುವಿನ ಸೈನ್ಯ ಬಿದ್ದಿತ್ತು; ಆಗಿನ ಸಂಸ್ಥಾನಿಕ ವೆಂಕಟರಾವ್ ಸೆರೆಯಾದರು. ಆ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಹಿಂದಿನ ವರ್ಷ, 1784ರಲ್ಲಿ, ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. ಇಗರ್ಜಿಗಳು ಬಿದ್ದಾಗ ಅವುಗಳ ಪುಸ್ತಕಗಳೂ ಹೋದವು. ನಮ್ಮ ಬಹುತೇಕ ಮನೆತನಗಳು 1799ರ ಹಿಂದಕ್ಕೆ ಹೋಗಲು ಹಿರಿಯರ ಮಾತನ್ನೋ ಗೋವಾದ ದಾಖಲೆಗಳನ್ನೋ ನೆಚ್ಚಬೇಕಾಗಿರುವುದು ಆದ್ದರಿಂದಲೇ. ದಾಖಲೆ ಕಳೆದುಕೊಂಡವರ ಕಷ್ಟ ನಮಗೆ ಹೊಸದಲ್ಲ.

ದಾಖಲೆಗಳು ಎಲ್ಲಿವೆ

ಒಂದು ಮನೆತನದ ಕಾಗದ ಹುಡುಕುವವರಿಗೆ ಮೊದಲು ತಿಳಿದಿರಬೇಕಾದದ್ದು ಆಡಳಿತದ ಗಡಿಗಳು. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಎಲ್ಲವೂ ಧಾರವಾಡ ಜಿಲ್ಲೆ. ಗಜೇಂದ್ರಗಡ ತೀರ ಇತ್ತೀಚಿನವರೆಗೆ ರೋಣ ತಾಲ್ಲೂಕಿನ ಊರು. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ಮೇಲಿನ ಹಂತದ ಹಳೆಯ ಪತ್ರವ್ಯವಹಾರ ಮುಂಬಯಿಯ ಪತ್ರಾಗಾರದಲ್ಲಿದೆ, ಪೇಶ್ವೆ ಕಾಲದ ದಫ್ತರ ಪುಣೆಯಲ್ಲಿದೆ, ಲಂಡನ್ನಿಗೆ ಹೋದದ್ದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಗದಗ-ಬೆಟಗೇರಿಯಲ್ಲಿ 1841ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ವರದಿಗಳು, ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿವೆ. ಚಿತ್ರಗಳನ್ನು ಅಂತರ್ಜಾಲದಲ್ಲಿ ನೋಡಬಹುದು. ಕಥೋಲಿಕ ಧರ್ಮಸಭೆಯ ಮಾತೂ ಹೀಗೆಯೇ. ಬೆಳಗಾವಿ ಧರ್ಮಪ್ರಾಂತ್ಯವನ್ನು ರಚಿಸಿದ್ದು ಗೋವಾ ಮತ್ತು ಪುಣೆಯ ಭಾಗಗಳನ್ನು ಸೇರಿಸಿ. 1953ರ ಹಿಂದಿನ ಪತ್ರಗಳನ್ನು ಕೇಳಬೇಕಾದದ್ದು ಆ ಎರಡು ಕಡೆ.

ಹಳ್ಳಿಯ ಮಟ್ಟದ ಲೆಕ್ಕ ಮಾತ್ರ ಕುಲಕರ್ಣಿಗಳ ಮನೆಯಲ್ಲಿತ್ತು. ಮುಂಬಯಿ ಸರ್ಕಾರ 1950ರ ಕಾಯ್ದೆಯಿಂದ ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ವತನ ಹೋದ ಮೇಲೂ ಅಟ್ಟದ ಮೇಲಿನ ರುಮಾಲುಗಳು, ಅಂದರೆ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟುಗಳು, ಹಲವು ಮನೆಗಳಲ್ಲಿ ಉಳಿದವು. ಅವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯ ಮರಾಠಿ. ಮೊಮ್ಮಕ್ಕಳಿಗೆ ಓದಲು ಬಾರದು, ಗೆದ್ದಲಿಗೆ ಓದುವ ಅಗತ್ಯವಿಲ್ಲ. ಹೊಲದ ಹಕ್ಕಿನ ದಾಖಲೆ ಈ ಭಾಗದಲ್ಲಿ 1903ರ ಮುಂಬಯಿ ಕಾಯ್ದೆಯಿಂದ ಆರಂಭವಾಯಿತು. ನಾವು ಆರ್‌ಟಿಸಿ ಎನ್ನುವುದನ್ನು ಅಲ್ಲಿಯವರು ಉತಾರ ಎನ್ನುತ್ತಾರೆ. ಅಲ್ಲಿನ ಕಚೇರಿಗೆ ಹೋಗುವವರು ಆ ಪದವನ್ನೇ ಬಳಸುವುದು ಒಳ್ಳೆಯದು.

ಇಗರ್ಜಿಯ ಪುಸ್ತಕಗಳು

ಟ್ರೆಂಟ್ ಮಹಾಸಭೆ 1563ರಲ್ಲಿ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಇಂದಿನ ಧರ್ಮಸಭೆಯ ಕಾನೂನಿನ 535ನೇ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷಾಸ್ನಾನ, ವಿವಾಹ, ಮರಣದ ಪುಸ್ತಕಗಳು ಇರಬೇಕು, ಹಳೆಯವನ್ನೂ ಜೋಪಾನ ಮಾಡಬೇಕು. 877ನೇ ನಿಯಮದ ಪ್ರಕಾರ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಜೊತೆ ತಾಯಿಯ ಹೆಸರೂ ಬರಬೇಕು, ಜ್ಞಾನ ತಂದೆತಾಯಿಯರ ಹೆಸರೂ ಬರಬೇಕು. ಹೆಳವರ ಹೊತ್ತಿಗೆಯಲ್ಲಿ ಬಿಟ್ಟುಹೋಗುವ ಹೆಣ್ಣುಮಗಳು ಇಲ್ಲಿ ಸಿಗುತ್ತಾಳೆ. ಬಡ ಕುಟುಂಬದ ತಾಯಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ಬರೆಯುವವರು ಆಕೆಯ ತವರಿನ ಹೆಸರು, ತವರೂರು ಕೇಳಿ ತುಂಬಬೇಕು. 'ಇಂಥವರ ಹೆಂಡತಿ' ಎಂದು ಬರೆದು ಮುಗಿಸಬಾರದು. ಧರ್ಮಸಭೆಯ ಪತ್ರಾಗಾರಗಳ ಬಗ್ಗೆ ವ್ಯಾಟಿಕನ್ ಆಯೋಗವೊಂದು 1997ರ ಫೆಬ್ರವರಿ 2ರಂದು ಹೊರಡಿಸಿದ ಸುತ್ತೋಲೆ ಇಂಥ ಪುಸ್ತಕಗಳನ್ನು ಮೇಷ್ಪಾಲನೆಯ ಭಾಗವೆಂದೇ ಪರಿಗಣಿಸುತ್ತದೆ.

ದೇಶದ ಕಾನೂನು ಕೂಡ ಮನೆಯ ನೆನಪನ್ನು ಪೂರ್ತಿ ತಳ್ಳಿಹಾಕಿಲ್ಲ. 1872ರ ಸಾಕ್ಷ್ಯ ಕಾಯ್ದೆ, ತೀರಿಹೋದವರ ನಡುವಿನ ಸಂಬಂಧದ ಬಗ್ಗೆ ವ್ಯಾಜ್ಯ ಹುಟ್ಟುವ ಮೊದಲೇ ಮನೆತನದ ವಂಶಾವಳಿಯಲ್ಲಿ, ಸಮಾಧಿ ಕಲ್ಲಿನ ಮೇಲೆ, ಕುಟುಂಬದ ಚಿತ್ರದ ಮೇಲೆ ಬರೆಸಿದ ವಿವರಗಳನ್ನು ಪುರಾವೆಯಾಗಿ ಪರಿಗಣಿಸಲು ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಈ ಅವಕಾಶ ಇದೆ.

ಹಳೆಯ ಕಾಗದ ಸಿಕ್ಕ ಮನೆಯವರಿಗೆ ಕೆಲವು ಮಾತು. ಕಟ್ಟು ಬಿಚ್ಚುವ ಮೊದಲು ಅದು ಹೇಗಿದೆಯೋ ಹಾಗೆಯೇ ಒಂದು ಫೋಟೋ ತೆಗೆಯಿರಿ. ಕಾಗದಗಳ ಅನುಕ್ರಮವೂ ಒಂದು ಮಾಹಿತಿ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಪ್ಲಾಸ್ಟಿಕ್ ಚೀಲದ ಬದಲು ಶುಭ್ರವಾದ ಹತ್ತಿಬಟ್ಟೆ ಸಾಕು. ಫೋಟೋಗಳ ಹಿಂದೆ ಪೆನ್ಸಿಲಿನಿಂದ ಹೆಸರು ಬರೆಯಿರಿ. ಹೆಳವರು ಬಂದರೆ ಅವರ ಒಪ್ಪಿಗೆ ಪಡೆದು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಮತ್ತು ಅವರಿಗೆ ಸಲ್ಲಬೇಕಾದ ಕಾಳನ್ನೋ ಹಣವನ್ನೋ ತಪ್ಪದೆ ಕೊಡಿ. ಮೋಡಿ ಓದಬಲ್ಲ ಹಿರಿಯರು ಊರಲ್ಲಿ ಇನ್ನೂ ಇದ್ದರೆ ಕಾಗದವನ್ನು ಈ ಬೇಸಿಗೆಯಲ್ಲೇ ಅವರ ಬಳಿಗೆ ಒಯ್ಯಿರಿ.